ಬಯಾಪ್ಸಿ ರಿಪೋರ್ಟು ನಮ್ಮದು, ಅದರ ಅರ್ಥ ನಮಗ್ಯಾಕಿಲ್ಲ?

ನನ್ನ ಸೋದರಮಾವ ಸಂಡೂರು ಕಡೆ ಇಪ್ಪತ್ತು ವರ್ಷ ಅದಿರು ಲಾರಿ ಓಡಿಸಿದವರು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಹೋದ ದೀಪಾವಳಿಗೆ ಮನೆಗೆ ಹೋಗಿದ್ದೆ. ರೇಷನ್ ಕಾರ್ಡು, ಆಧಾರ್, ಸಾಲದ ರಸೀದಿ ಎಲ್ಲ ಇಟ್ಟಿದ್ದ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಹಾಳೆ ತೆಗೆದು ಕೈಗಿಟ್ಟರು.

"ಅಳಿಯಾ, ನೀನು ಪೇಪರಿನಾಗ ಬರೆಯಾಂವ. ಇದ್ರಾಗ ಏನ್ ಬರದೈತಿ, ಓದಿ ಹೇಳು."

ಅದು ಕಿಡ್ನಿ ಬಯಾಪ್ಸಿ ರಿಪೋರ್ಟು. ಮೂರು ವರ್ಷಕ್ಕೂ ಹಳೆಯದು. ಪೂರ್ತಿ ಇಂಗ್ಲಿಷ್. ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ ನನಗೂ ಒಂದು ಸಾಲು ತಿಳಿಯಲಿಲ್ಲ. ಫೋಟೊ ತೆಗೆದು ಪರಿಚಯದ ಡಾಕ್ಟರೊಬ್ಬರಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. "ಹದಿನಾಲ್ಕು ಜರಡಿ ಸಿಕ್ಕಿವೆ, ಅದರಲ್ಲಿ ಒಂಬತ್ತು ಪೂರ್ತಿ ಸತ್ತಿವೆ. ಸುತ್ತಲಿನ ಮಾಂಸದಲ್ಲಿ ನೂರಕ್ಕೆ ಅರವತ್ತು ಭಾಗ ಕಲೆಗಟ್ಟಿದೆ. ಎರಡು ಮೂರು ವರ್ಷದಲ್ಲಿ ಡಯಾಲಿಸಿಸ್ ಬರಬಹುದು ಅಂತ ಈ ರಿಪೋರ್ಟ್ ಬಂದ ದಿನವೇ ಅಂದಾಜು ಮಾಡಬಹುದಿತ್ತಲ್ಲ, ಯಾರೂ ಹೇಳಲಿಲ್ವಾ?"

ಯಾರೂ ಹೇಳಲಿಲ್ಲ. ಗುಳಿಗೆ ಬರೆದುಕೊಟ್ಟು, "ಉಪ್ಪು ಕಮ್ಮಿ ಮಾಡಿ, ತಿಂಗಳು ಬಿಟ್ಟು ಬನ್ನಿ" ಅಂದರು, ಅಷ್ಟೇ.

ಆ ಮೂರು ವರ್ಷದಲ್ಲಿ ಮಾವ ಏನು ಮಾಡಿದರು ಕೇಳಿ. ಲಾರಿ ಓಡಿಸುತ್ತಲೇ ಇದ್ದರು. ಬೆನ್ನು ನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ನುಂಗುತ್ತಲೇ ಇದ್ದರು. "ಕ್ರಿಯೇಟಿನಿನ್ ಇಳಿಸುವ ಪುಡಿ" ಅಂತ ಒಬ್ಬ ಮಾರಿದ್ದಕ್ಕೆ ಒಂದೂವರೆ ಲಕ್ಷ ಸುರಿದರು. ಸಾಲ ಮಾಡಿ ಮಗಳ ಮದುವೆ ಮಾಡಿದರು. ಕೊನೆಗೆ ಒಂದು ರಾತ್ರಿ ಉಸಿರು ಕಟ್ಟಿ, ಆಸ್ಪತ್ರೆಗೆ ಹೊತ್ತೊಯ್ದು, ಕುತ್ತಿಗೆಗೆ ಪೈಪು ಹಾಕಿಸಿಕೊಂಡು ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಮೊದಲೇ ಗೊತ್ತಿದ್ದರೆ ಕೈಯಲ್ಲಿ ಫಿಸ್ಟುಲಾ ಮಾಡಿಸಿ ಇಟ್ಟುಕೊಳ್ಳಬಹುದಿತ್ತು. ಅದು ಬಲಿಯೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮನೆಯವರ ಕಿಡ್ನಿ ಹೊಂದುತ್ತದಾ ಅಂತ ಮೊದಲೇ ನೋಡಿಸಬಹುದಿತ್ತು. ಸಾಲ ಮಾಡುವ ಮೊದಲು ಒಂದು ಸಲ ಯೋಚನೆಯಾದರೂ ಮಾಡಬಹುದಿತ್ತು.

ಆ ಮೂರು ವರ್ಷ ಮಾವನದ್ದು. ಹಾಳೆಯಲ್ಲಿ ಬರೆದಿತ್ತು, ಬಾಯಿಬಿಟ್ಟು ಹೇಳಲಿಲ್ಲ. ನನ್ನ ತಕರಾರು ಇಷ್ಟೇ: ಕಿಡ್ನಿ ಬಯಾಪ್ಸಿ ಮುಂದೇನು ಅಂತ ಹೇಳುವ ಪರೀಕ್ಷೆ. ಆ ಮಾತು ರೋಗಿಗೆ ತಲುಪದಿದ್ದರೆ ಅವನ ಬೆನ್ನಿಗೆ ಸೂಜಿ ಚುಚ್ಚುವ ಹಕ್ಕು ಯಾರಿಗೂ ಇಲ್ಲ.

ಗೇಜು ಬೇರೆ, ಹೂಳಿನ ಸರ್ವೆ ಬೇರೆ

ನಮ್ಮ ಹೊಸಪೇಟೆ, ಕಂಪ್ಲಿ ಕಡೆಯವರಿಗೆ ಇದನ್ನು ಅರ್ಥ ಮಾಡಿಸೋಕೆ ಡಾಕ್ಟರೇ ಬೇಕಂತಿಲ್ಲ, ಟಿ.ಬಿ. ಡ್ಯಾಂ ಸಾಕು. ಕಟ್ಟಿದಾಗ ಅದು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105 ಟಿಎಂಸಿ ಚಿಲ್ಲರೆ. ಉಳಿದ ಜಾಗ ಹೂಳು ತಿಂದಿದೆ. ಆದರೆ ಗೇಜು ನೋಡಿದರೆ ತುಂಬಿದಾಗ ಇವತ್ತಿಗೂ 1,633 ಅಡಿಯೇ. ಕೆಳಗೆ ಎಷ್ಟು ಹೂಳಿದೆ ಅಂತ ಗೇಜು ಹೇಳುವುದಿಲ್ಲ. ಅದಕ್ಕೆ ಸರ್ವೆ ಮಾಡಬೇಕು.

ಕ್ರಿಯೇಟಿನಿನ್ ಅಂದರೆ ಗೇಜು. ಬಯಾಪ್ಸಿ ಅಂದರೆ ಹೂಳಿನ ಸರ್ವೆ.

ಒಂದೊಂದು ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಜರಡಿಗಳು ಸುಮಾರು 10 ಲಕ್ಷ ಇರುತ್ತವೆ. ರಿಪೋರ್ಟಿನಲ್ಲಿ ಇದಕ್ಕೆ ಗ್ಲಾಮೆರುಲಸ್ ಅನ್ನುತ್ತಾರೆ. ಅರ್ಧದಷ್ಟು ಹಾಳಾಗುವವರೆಗೂ ರಕ್ತದ ಕ್ರಿಯೇಟಿನಿನ್ ನಾರ್ಮಲ್ ಅಂತಲೇ ತೋರಿಸಬಹುದು. ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ ಬಡಕಲು ಕೂಲಿಕಾರರಲ್ಲಿ, ವಯಸ್ಸಾದ ಹೆಂಗಸರಲ್ಲಿ ಅದು ಇನ್ನೂ ಮೋಸ ಮಾಡುತ್ತದೆ.

ಇನ್ನೊಂದು ಮಾತು. ಇಬ್ಬರಿಗೆ ಕ್ರಿಯೇಟಿನಿನ್ 3 ಇದೆ ಅನ್ನಿ. ಒಬ್ಬರ ಕಿಡ್ನಿಯಲ್ಲಿ ಉರಿಯೂತ ಇರಬಹುದು. ಅದು ಗೇಟಿಗೆ ಸಿಕ್ಕಿದ ಕಸ ಇದ್ದ ಹಾಗೆ, ಔಷಧಿ ಕೊಟ್ಟರೆ ತೆಗೆಯಬಹುದು. ಇನ್ನೊಬ್ಬರದ್ದು ಕಲೆಗಟ್ಟಿ ಒಣಗಿರಬಹುದು. ಅದು ಹೂಳು, ಹಿಂದಕ್ಕೆ ಹೋಗುವುದಿಲ್ಲ. ರಕ್ತದ ರಿಪೋರ್ಟಿನಲ್ಲಿ ಇಬ್ಬರೂ ಒಂದೇ. ಬಯಾಪ್ಸಿಯಲ್ಲಿ ಒಬ್ಬರಿಗೆ ಆಸೆ ಇದೆ, ಇನ್ನೊಬ್ಬರಿಗೆ ತಯಾರಿ ಬೇಕು. ಮೊದಲನೆಯವರಿಗೆ ಔಷಧಿ ಕೊಡದಿದ್ದರೆ ಅನ್ಯಾಯ. ಎರಡನೆಯವರಿಗೆ ಸುಮ್ಮನೆ ಕಟುವಾದ ಔಷಧಿ ಕೊಟ್ಟರೂ ಅನ್ಯಾಯವೇ.

ಇದು ಹೊಸ ಸಂಶೋಧನೆ ಅಲ್ಲ

ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡುವುದನ್ನು ಡೆನ್ಮಾರ್ಕಿನ ವೈದ್ಯರು 1951ರಲ್ಲೇ ಬರೆದು ಪ್ರಕಟಿಸಿದ್ದರು. 1968ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಗ್ಲೆಂಡಿನ ವೈದ್ಯರು ಒಂದು ವಿಷಯ ತೋರಿಸಿದರು: ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದು ಜರಡಿಗಳ ಹಾನಿಗಿಂತ ಅವುಗಳ ಸುತ್ತಲಿನ ಕೊಳವೆ, ಮಾಂಸದ ಹಾನಿಯ ಜೊತೆ ಹೆಚ್ಚು ತಾಳೆಯಾಗುತ್ತದೆ. ಆಗ ಮಾವನಿಗೆ ಹುಟ್ಟಿಯೂ ಗೊತ್ತಿರಲಿಲ್ಲ.

2009ರಲ್ಲಿ ಐಜಿಎ ನೆಫ್ರೋಪತಿ ಎಂಬ ಕಾಯಿಲೆಗೆ ಆಕ್ಸ್‌ಫರ್ಡ್ ವರ್ಗೀಕರಣ ಬಂತು. ಬಯಾಪ್ಸಿಯಲ್ಲಿ ಕಂಡದ್ದಕ್ಕೆ ಅಂಕ ಕೊಡುವ ಪದ್ಧತಿ ಅದು. 2018ರಲ್ಲಿ ಅಮೆರಿಕದ ಬಾಸ್ಟನ್ ವೈದ್ಯರು ಬೇರೆ ಬೇರೆ ಕಿಡ್ನಿ ಕಾಯಿಲೆಯ ರೋಗಿಗಳನ್ನು ಹಿಂಬಾಲಿಸಿ, ಕ್ರಿಯೇಟಿನಿನ್ ಮತ್ತು ಮೂತ್ರದ ಪ್ರೋಟೀನ್ ಲೆಕ್ಕ ಹಿಡಿದ ಮೇಲೂ ಬಯಾಪ್ಸಿಯ ಕಲೆ ಮುಂದಿನ ಹಾನಿಯ ಸುಳಿವು ಕೊಡುತ್ತದೆ ಅಂತ ತೋರಿಸಿದರು. 2019ರಲ್ಲಿ ಐಜಿಎ ಕಾಯಿಲೆಗೆ ಒಂದು ಲೆಕ್ಕದ ಸೂತ್ರವೇ ಬಂತು. ವಯಸ್ಸು, ಬಿಪಿ, ಮೂತ್ರದ ಪ್ರೋಟೀನ್, ಬಯಾಪ್ಸಿ ಅಂಕ ಹಾಕಿದರೆ ಮುಂದಿನ ಐದು ವರ್ಷದಲ್ಲಿ ಕಿಡ್ನಿ ಶಕ್ತಿ ಅರ್ಧಕ್ಕೆ ಇಳಿಯುವ ಸಾಧ್ಯತೆ ಎಷ್ಟು ಅಂತ ಹೇಳುತ್ತದೆ. ಡಾಕ್ಟರ ಮೊಬೈಲಿನಲ್ಲೇ ನೋಡಬಹುದು.

ಆ ಸೂತ್ರ ಕಟ್ಟಿದ್ದು ಹೆಚ್ಚಾಗಿ ಯುರೋಪ್, ಚೀನಾ, ಜಪಾನ್ ಮೂಲದ ಸುಮಾರು 4,000 ರೋಗಿಗಳ ಮೇಲೆ. ನಮ್ಮವರು ಎಲ್ಲಿ? ವೆಲ್ಲೂರಿನ ಸಿಎಂಸಿ ವೈದ್ಯರು ನಮ್ಮ ದೇಶದ ಐಜಿಎ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ನಮ್ಮಲ್ಲಿ ಈ ಕಾಯಿಲೆ ಜೋರಾಗಿಯೇ ಓಡುತ್ತದೆ ಅಂತ ಅವರ ಕೆಲಸ ಹೇಳುತ್ತದೆ. ಅಂದರೆ ಮುಂದಿನದನ್ನು ಬೇಗ ತಿಳಿಯುವ ಅವಸರ ಯಾರಿಗಿಂತ ಹೆಚ್ಚು ನಮಗೇ ಇದೆ.

"ಸೂಜಿ ಹಾಕಿದ್ರ ಕಿಡ್ನಿ ಹೋಗತೈತಿ"

ಈಗ ನಮ್ಮವರ ಕಡೆ ತಿರುಗುತ್ತೇನೆ. ಸಿಟ್ಟು ಮಾಡಬೇಡಿ.

ಹಂಪಿ ಕಡೆಯ ಟೀ ಅಂಗಡಿಯಲ್ಲಿ ಕೂತು ಕೇಳಿದ್ದೇನೆ, ಕಂಪ್ಲಿ ಬಸ್ಸಿನಲ್ಲಿ ಕೇಳಿದ್ದೇನೆ. "ಬಯಾಪ್ಸಿ ಅಂದ್ರ ಕ್ಯಾನ್ಸರ್ ಇದ್ದವರಿಗೆ." "ಸೂಜಿ ಹಾಕಿದ್ರ ತೂತು ಬಿದ್ದು ಕಿಡ್ನಿ ಹೋಗತೈತಿ." "ಅವ್ರು ಚೂರು ಅಂತ ಹೇಳಿ ಕಿಡ್ನೀನ ತಗೋತಾರ." ಇದೆಲ್ಲ ಸುಳ್ಳು.

ನಡೆಯುವುದು ಇಷ್ಟು. ಬೋರಲು ಮಲಗಿಸುತ್ತಾರೆ. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತಾ ಬೆನ್ನಿನ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಸೂಜಿಯಿಂದ ಶಾವಿಗೆ ಎಳೆಯಂಥ ಒಂದೆರಡು ಚೂರು ತೆಗೆಯುತ್ತಾರೆ. ಆಮೇಲೆ ಗಂಟೆಗಟ್ಟಲೆ ಅಲುಗಾಡದೆ ಮಲಗಿರಬೇಕು, ಬಿಪಿ ಮತ್ತು ಮೂತ್ರದ ಬಣ್ಣ ನೋಡುತ್ತಿರುತ್ತಾರೆ.

ಅಪಾಯ ಇಲ್ಲವೇ ಇಲ್ಲ ಅಂತ ಹೇಳಿದರೆ ನಾನೂ ಪುಡಿ ಮಾರುವವನ ಜಾತಿಯೇ. ನೂರರಲ್ಲಿ ಮೂರ್ನಾಲ್ಕು ಮಂದಿಗೆ ಮೂತ್ರ ಕೆಂಪಾಗಬಹುದು, ಬಹಳಷ್ಟು ಸಲ ತಾನಾಗಿಯೇ ನಿಲ್ಲುತ್ತದೆ. ರಕ್ತ ಹಾಕಬೇಕಾಗುವುದು ನೂರಕ್ಕೆ ಒಬ್ಬಿಬ್ಬರಿಗೆ. ಜೀವಕ್ಕೆ ಅಪಾಯ ತೀರಾ ಅಪರೂಪ. ಬಿಪಿ ಹತೋಟಿಯಲ್ಲಿರಬೇಕು. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ಎಲ್ಲರಿಗೂ ಬಯಾಪ್ಸಿ ಬೇಕಿಲ್ಲ ಅನ್ನುವುದೂ ನಿಜ. ಹತ್ತಾರು ವರ್ಷದಿಂದ ಶುಗರ್ ಇದ್ದು, ಕಣ್ಣಿನ ನರಕ್ಕೂ ಪೆಟ್ಟು ಬಿದ್ದವರಿಗೆ ಸಾಮಾನ್ಯವಾಗಿ ಬೇಡ, ಕಾರಣ ಎದುರಿಗೇ ಇದೆ. ಕಿಡ್ನಿ ಆಗಲೇ ಕುಗ್ಗಿ ಚಿಕ್ಕದಾಗಿದ್ದರೆ ಚುಚ್ಚುವುದರಿಂದ ಅಪಾಯವೇ ಹೆಚ್ಚು. ಮೈ ಊದಿದ ಚಿಕ್ಕ ಮಕ್ಕಳಿಗೆ ಬಹುಪಾಲು ಮೊದಲು ಔಷಧಿ ಕೊಟ್ಟು ನೋಡುತ್ತಾರೆ. ಆದರೆ ದೊಡ್ಡವರಲ್ಲಿ ಕಾರಣವಿಲ್ಲದೆ ಮುಖ, ಕಾಲು ಊದಿ ಮೂತ್ರದಲ್ಲಿ ಬಹಳ ಪ್ರೋಟೀನ್ ಹೋಗುತ್ತಿದ್ದರೆ, ರಕ್ತವೂ ಪ್ರೋಟೀನೂ ಎರಡೂ ಹೋಗುತ್ತಿದ್ದರೆ, ವಾರ ತಿಂಗಳಲ್ಲಿ ಕ್ರಿಯೇಟಿನಿನ್ ಜಿಗಿಯುತ್ತಿದ್ದರೆ, ಬಯಾಪ್ಸಿ ಬೇಕಾ ಅಂತ ಕಿಡ್ನಿ ತಜ್ಞರನ್ನು ಕೇಳುವುದು ತಡ ಮಾಡಬಾರದು. ಹೆದರಿ ಆರು ತಿಂಗಳು ಕಳೆದು ಹೋದರೆ, ಔಷಧಿಗೆ ಬಗ್ಗುತ್ತಿದ್ದ ಉರಿಯೂತ ಆಗ ಹೂಳಾಗಿರುತ್ತದೆ.

"ಏನೂ ಮಾಡೋಕಾಗಲ್ಲ" ಅನ್ನುವವರಿಗೆ

ಕೆಲವು ಡಾಕ್ಟರರ ವಾದವೂ ಗೊತ್ತು. "ಹಳ್ಳಿಯವರಿಗೆ ಹೇಳಿದರೆ ಹೆದರಿ ಚಿಕಿತ್ಸೆಯನ್ನೇ ಬಿಡುತ್ತಾರೆ." "ಕಲೆ ಹೋಗಲ್ಲ ಅಂದ ಮೇಲೆ ಹೇಳಿ ಏನು ಪ್ರಯೋಜನ?"

ಸ್ವಾಮಿ, ಮಳೆ ಕೈಕೊಡುತ್ತದೆ ಅಂತ ಗೊತ್ತಾದ ರೈತ ಹೊಲ ಬಿಟ್ಟು ಓಡಿಹೋಗುತ್ತಾನಾ? ಬೆಳೆ ಬದಲಿಸುತ್ತಾನೆ. ಎರಡನೇ ಬೆಳೆಗೆ ನೀರಿಲ್ಲ ಅಂತ ನೀರಾವರಿ ಸಲಹಾ ಸಮಿತಿ ಮೊದಲೇ ಹೇಳಿದರೆ ಬೈಯುತ್ತೇವೆ, ಆದರೆ ಭತ್ತದ ಬೀಜಕ್ಕೆ ಸಾಲ ಮಾಡುವುದಿಲ್ಲ. ಹೇಳದೆ ಕಾಲುವೆ ಬಂದ್ ಮಾಡಿದರೆ ಮಾತ್ರ ನಾಶ. ಹೆದರುತ್ತಾರೆ ಅಂತ ಮುಚ್ಚಿಡುವುದು ಕರುಣೆ ಅಲ್ಲ, ಅದು ಐದು ನಿಮಿಷ ಕೂತು ವಿವರಿಸುವ ಕೆಲಸ ತಪ್ಪಿಸಿಕೊಳ್ಳುವ ದಾರಿ. ಒಬ್ಬ ಡಾಕ್ಟರ ಬಾಗಿಲಲ್ಲಿ ನೂರು ಮಂದಿ ನಿಂತಿರುತ್ತಾರೆ, ಒಪ್ಪುತ್ತೇನೆ. ಹಾಗಾದರೆ ಇನ್ನೊಬ್ಬರನ್ನು ನೇಮಿಸಿ ಅಂತ ಸರ್ಕಾರವನ್ನು ಕೇಳಬೇಕೇ ಹೊರತು ರೋಗಿಯ ಪಾಲಿನ ಮಾತನ್ನು ಕತ್ತರಿಸುವುದಲ್ಲ.

ಏನೂ ಮಾಡೋಕಾಗಲ್ಲ ಅನ್ನುವುದೂ ಈಗ ಸುಳ್ಳು. ಹೂಳು ತೆಗೆಯಲಾಗದಿದ್ದರೂ ಹೊಸ ಹೂಳು ಬರುವುದನ್ನು ನಿಧಾನ ಮಾಡಬಹುದು. ಬಿಪಿಯನ್ನೂ ಮೂತ್ರದ ಪ್ರೋಟೀನನ್ನೂ ಇಳಿಸುವ ಹಳೆಯ ಗುಳಿಗೆಗಳಿವೆ. ಡಪಾಗ್ಲಿಫ್ಲೋಜಿನ್ ಮೇಲೆ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ ಮೇಲೆ 2022ರಲ್ಲಿ ಬಂದ ದೊಡ್ಡ ಅಧ್ಯಯನಗಳು, ಶುಗರ್ ಇಲ್ಲದ ಕಿಡ್ನಿ ರೋಗಿಗಳಲ್ಲೂ ಇವು ಹಾನಿಯನ್ನು ನಿಧಾನ ಮಾಡುತ್ತವೆ ಅಂತ ತೋರಿಸಿದವು. 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಇಳಿದಿದೆ. ಎಲ್ಲರಿಗೂ ಹೊಂದುವುದಿಲ್ಲ, ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಆದರೆ "ನನಗೆ ಇದು ಆಗುತ್ತದಾ?" ಅಂತ ಕೇಳಿ. ಮಾವನ ಕೈಗೆ ಸಿಕ್ಕಿದ್ದು ಪುಡಿ ಮಾರುವವನ ಉತ್ತರ ಮಾತ್ರ. ಡಾಕ್ಟರು ಬಿಟ್ಟ ಮೌನದಲ್ಲೇ ಅವನ ಅಂಗಡಿ ನಡೆಯುವುದು.

ಕುರ್ಚಿ ಬಂತು, ಕಣ್ಣು ಬರಲಿಲ್ಲ

2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ನಡೆಯುತ್ತಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರ ಬಂದವು. ಒಳ್ಳೆಯದೇ, ಅದಿಲ್ಲದಿದ್ದರೆ ಮಾವ ಇವತ್ತು ಇರುತ್ತಿರಲಿಲ್ಲ. ಆದರೆ ಡಯಾಲಿಸಿಸ್ ಅಂದರೆ ಕೊನೆಯ ನಿಲ್ದಾಣ. ದೇಶದ ಕಿಡ್ನಿ ರೋಗಿಗಳ ನೋಂದಣಿಯ ವರದಿ 2012ರಲ್ಲಿ ಬಂತು. 52,000ಕ್ಕೂ ಹೆಚ್ಚು ರೋಗಿಗಳಲ್ಲಿ ಸುಮಾರು ಅರ್ಧ ಜನ ತಜ್ಞರ ಬಳಿ ಬಂದಾಗಲೇ ಐದನೇ, ಅಂದರೆ ಕೊನೆಯ ಹಂತದಲ್ಲಿದ್ದರು. ನೂರಕ್ಕೆ 16 ಮಂದಿಗೆ ಯಾಕೆ ಬಂತು ಅಂತಲೇ ಗೊತ್ತಾಗಲಿಲ್ಲ.

ಪಕ್ಕದ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಹೆಸರು ಕೇಳಿರಬಹುದು. ಶುಗರ್ ಇಲ್ಲದ, ಬಿಪಿ ಇಲ್ಲದ ದುಡಿಯುವ ಜನರಿಗೆ ಅಲ್ಲಿ ಕಿಡ್ನಿ ಕಾಯಿಲೆ ಬರುತ್ತದೆ. ಬಯಾಪ್ಸಿ ಮಾಡಿದಾಗ ಮುಖ್ಯ ಪೆಟ್ಟು ಜರಡಿಗಲ್ಲ, ಕೊಳವೆ ಮತ್ತು ಸುತ್ತಲಿನ ಮಾಂಸಕ್ಕೆ ಅಂತ ಕಂಡಿತು. ಸೂಜಿ ಹಾಕಿ ನೋಡಿದ್ದರಿಂದ ಅಷ್ಟಾದರೂ ತಿಳಿಯಿತು. ನಮ್ಮ ಕಂಪ್ಲಿಯ ಕಬ್ಬು ಕಡಿಯುವವರು, ಸಂಡೂರಿನ ಗಣಿ ಕೆಲಸದವರು, ಹಂಪಿ ಬಂಡೆಗಳ ನಡುವೆ ಬೇಸಿಗೆಯಿಡೀ ಬಿಸಿಲಲ್ಲಿ ನಿಲ್ಲುವವರು, ಇವರಲ್ಲೂ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ನೋಡದೆ ಇಲ್ಲ ಅಂತ ಹೇಳಬೇಡಿ ಅಂತ ಹೇಳುತ್ತಿದ್ದೇನೆ.

ದುಡ್ಡಿಲ್ಲ ಅನ್ನುವ ಮಾತು ಬೇರೆ ಜಿಲ್ಲೆಯವರು ಹೇಳಲಿ. ಸಂಡೂರಿನ ಅದಿರಿನ ಹೆಸರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. 2015ರ ಕಾನೂನು ತಿದ್ದುಪಡಿಯಿಂದ ಬಂದ ಈ ದುಡ್ಡಿನ ಆದ್ಯತೆಯ ಬಾಬ್ತುಗಳಲ್ಲಿ ಆರೋಗ್ಯವೂ ಒಂದು. ಅದರಲ್ಲಿ ಕಟ್ಟಡ ಏಳುತ್ತದೆ, ಫಲಕ ಏಳುತ್ತದೆ. ಕಿಡ್ನಿ ಬಯಾಪ್ಸಿ ಓದುವ ತಜ್ಞರು, ಅದನ್ನು ಕನ್ನಡದಲ್ಲಿ ಹೇಳುವ ಒಬ್ಬ ಆಪ್ತ ಸಮಾಲೋಚಕರು, ಇದಕ್ಕೆ ಅದೇ ನಿಧಿಯಿಂದ ಯಾಕೆ ಕೊಡಬಾರದು? 2021ರಲ್ಲಿ ಜಿಲ್ಲೆ ಎರಡಾಯಿತು. ಹೊಸಪೇಟೆ ವಿಜಯನಗರಕ್ಕೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಗೆ. ಕಚೇರಿಗಳು ಎರಡಾದವು. ಬಯಾಪ್ಸಿಗೆ ಅಂತ ನಮ್ಮವರು ಇವತ್ತಿಗೂ ಹುಬ್ಬಳ್ಳಿಗೋ ಬೆಂಗಳೂರಿಗೋ ರಾತ್ರಿ ಬಸ್ಸು ಹತ್ತುತ್ತಾರೆ.

ಇದರಲ್ಲಿ ನನ್ನ ಪಾಲೂ ಇದೆ. ಡಯಾಲಿಸಿಸ್ ಯಂತ್ರದ ಉದ್ಘಾಟನೆ ಸುದ್ದಿ ನಾನೂ ಬರೆದಿದ್ದೇನೆ. ಯಾರು ರಿಬ್ಬನ್ ಕತ್ತರಿಸಿದರು, ಯಾರು ವೇದಿಕೆಯಲ್ಲಿದ್ದರು, ಎಲ್ಲ ಹೆಸರು ಬರೆದೆ. ಕುರ್ಚಿಯಲ್ಲಿ ಮಲಗಿದವರು ಅಲ್ಲಿಗೆ ಹೇಗೆ ಬಂದರು ಅಂತ ಒಂದು ಸಲವೂ ಕೇಳಲಿಲ್ಲ. ನಮ್ಮ ಮಾವನೇ ಅಲ್ಲಿ ಮಲಗುವವರೆಗೂ.

ಇದು ಜಾತಕ ಅಲ್ಲ

ಬಯಾಪ್ಸಿ ಹೇಳಿದ್ದೆಲ್ಲ ಕಲ್ಲಿನಲ್ಲಿ ಕೊರೆದ ಶಾಸನ ಅಂತ ತಿಳಿಯಬೇಡಿ. 10 ಲಕ್ಷ ಜರಡಿಯಲ್ಲಿ ಅವರು ನೋಡುವುದು ಹತ್ತಿಪ್ಪತ್ತು. ಅನ್ನ ಬೆಂದಿದೆಯಾ ಅಂತ ಅಗುಳು ಹಿಚುಕಿ ನೋಡಿದ ಹಾಗೆ. ಬಹುಪಾಲು ಸರಿ ಇರುತ್ತದೆ, ಆದರೆ ಕೆಲವು ಕಾಯಿಲೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇರುತ್ತದೆ, ಚೂರಿನಲ್ಲಿ ಸಿಗದೆ ಹೋಗಬಹುದು. ಅದಕ್ಕೇ ಬಯಾಪ್ಸಿ, ಮೂತ್ರ, ರಕ್ತ, ಬಿಪಿ ನಾಲ್ಕನ್ನೂ ಕೂಡಿಸಿ ನೋಡಬೇಕು.

ಎಲ್ಲಕ್ಕಿಂತ ಮೊದಲು ಮೂತ್ರ. ಅಗ್ಗದ ಪಟ್ಟಿಯೊಂದನ್ನು ಅದ್ದಿದರೆ ಪ್ರೋಟೀನ್ ಹೋಗುತ್ತಿದೆಯಾ ಗೊತ್ತಾಗುತ್ತದೆ. ವಯಸ್ಸು, ಗಂಡೋ ಹೆಣ್ಣೋ, ಕಿಡ್ನಿ ಎಷ್ಟು ಸೋಸುತ್ತಿದೆ, ಮೂತ್ರದಲ್ಲಿ ಎಷ್ಟು ಆಲ್ಬುಮಿನ್ ಹೋಗುತ್ತಿದೆ, ಈ ನಾಲ್ಕೇ ಮಾಹಿತಿಯಿಂದ ಎರಡು ಮತ್ತು ಐದು ವರ್ಷದ ಅಪಾಯ ಲೆಕ್ಕ ಹಾಕುವ ಸೂತ್ರ ಕೆನಡಾದಿಂದ 2011ರಲ್ಲೇ ಬಂದಿದೆ. ಹಾಗಾದರೆ ಸೂಜಿ ಯಾಕೆ ಅಂತೀರಾ? ಆ ಸೂತ್ರ ಎಷ್ಟು ಬೇಗ ಅಂತ ಹೇಳುತ್ತದೆ. ಯಾಕೆ ಹಾಳಾಗುತ್ತಿದೆ, ಇನ್ನೂ ಏನು ಉಳಿಸಬಹುದು ಅಂತ ಹೇಳುವುದು ಬಯಾಪ್ಸಿ.

ಕೇಳಬೇಕಾದ ಐದು ಪ್ರಶ್ನೆ

ನಿಮ್ಮ ಮನೆಯಲ್ಲಿ ಯಾರದ್ದಾದರೂ ಬಯಾಪ್ಸಿ ಆಗಿದ್ದರೆ ರಿಪೋರ್ಟ್ ಹುಡುಕಿ ತೆಗೆಯಿರಿ. ಮುಂದಿನ ಸಲ ಡಾಕ್ಟರ ಎದುರು ಇಟ್ಟು ಇಷ್ಟು ಕೇಳಿ. ಮರೆಯುತ್ತೀರಿ ಅಂತಿದ್ದರೆ ಇದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

1. ಕಾಯಿಲೆಯ ಹೆಸರೇನು?
2. ಎಷ್ಟು ಜರಡಿ ಸಿಕ್ಕವು, ಅದರಲ್ಲಿ ಎಷ್ಟು ಪೂರ್ತಿ ಸತ್ತಿವೆ?
3. ಸುತ್ತಲಿನ ಕಲೆ ನೂರಕ್ಕೆ ಎಷ್ಟು? (ರಿಪೋರ್ಟಿನಲ್ಲಿ "ಐಎಫ್‌ಟಿಎ" ಅಂತ ಇರುತ್ತದೆ.)
4. ಔಷಧಿಯಿಂದ ವಾಸಿಯಾಗುವ ಉರಿಯೂತ ಎಷ್ಟಿದೆ, ವಾಪಸ್ ಬರದ ಭಾಗ ಎಷ್ಟು?
5. ಮುಂದಿನ ಎರಡು ಮತ್ತು ಐದು ವರ್ಷಕ್ಕೆ ನಿಮ್ಮ ಅಂದಾಜು ಏನು, ನಾವು ಇವತ್ತೇ ಏನು ತಯಾರಿ ಮಾಡಬೇಕು?

ಆಸ್ಪತ್ರೆಗಳಿಗೆ ನನ್ನ ಬೇಡಿಕೆ ಒಂದೇ. ಈ ಐದು ಪ್ರಶ್ನೆಗೆ ಉತ್ತರ ಬರೆದ ಒಂದು ಕನ್ನಡ ಹಾಳೆಯನ್ನು ಪ್ರತಿ ಬಯಾಪ್ಸಿ ರಿಪೋರ್ಟಿನ ಜೊತೆ ಪಿನ್ ಮಾಡಿ ಕೊಡಿ. ಒಂದು ಹಾಳೆಗೆ ಟೆಂಡರ್ ಕರೆಯಬೇಕಿಲ್ಲ, ರಿಬ್ಬನ್ ಕತ್ತರಿಸಬೇಕಿಲ್ಲ.

2024ರ ಆಗಸ್ಟಿನಲ್ಲಿ ನಮ್ಮ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ ಇಡೀ ರಾಜ್ಯ ಕೇಳಿತು, ಮೊದಲೇ ಯಾಕೆ ನೋಡಲಿಲ್ಲ ಅಂತ. ಸರಿಯಾದ ಪ್ರಶ್ನೆ. ಮಾವನ ವಿಷಯದಲ್ಲಿ ಮೊದಲೇ ನೋಡಿದ್ದರು, ಬರೆದೂ ಇಟ್ಟಿದ್ದರು. ಹೇಳಲಿಲ್ಲ ಅಷ್ಟೇ.

ಆ ದಿನ ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಗಳನ್ನು ಮಡಿಚಿ ಮತ್ತೆ ರೇಷನ್ ಕಾರ್ಡಿನ ಜೊತೆ ಇಟ್ಟರು. "ಇಷ್ಟು ಅವತ್ತ ಹೇಳಿದ್ರ ಸಾಕಿತ್ತಪ್ಪಾ," ಅಂದರು. "ಲಾರಿ ಮಾರತಿದ್ದೆ. ಪುಡಿಗೆ ದುಡ್ಡು ಹಾಕತಿರಲಿಲ್ಲ."